ಮೂಗಿನ ಪೈಪು, ಚೌತಿಯ ಪಂಕ್ತಿ

ಮೊನ್ನೆ ಠಾಣೆಯ ಮಾಜಿವಾಡಾದ ಗೆಳೆಯರೊಬ್ಬರ ಮನೆಗೆ ಹೋಗಿದ್ದೆ. ಕೂತ ಕೂಡಲೇ ಅವರ ಹೆಂಡತಿ ಒಂದು ಲೋಟ ನೀರು ತಂದುಕೊಟ್ಟರು. ತುಟಿಗಿಟ್ಟರೆ ಲಾವಂಚದ ಪರಿಮಳ. ನಮ್ಮ ಕರಾವಳಿಯವರು ಊರು ಬಿಟ್ಟು ಎಷ್ಟು ದೂರ ಬಂದರೂ ಬರಿ ನೀರು ಕುಡಿಯುವ ಜನ ಅಲ್ಲ ನೋಡಿ. ಜೀರಿಗೆಯೋ, ಲಾವಂಚದ ಬೇರೋ, ಏನಾದರೊಂದು ಅದರಲ್ಲಿ ಮುಳುಗಿರಲೇಬೇಕು. ಆ ಪರಿಮಳಕ್ಕೆ ನನಗೆ ನಗು ಉಕ್ಕಿ, ನೀರು ನೆತ್ತಿಗೇರಿ, ಅಂಗಿಯೆಲ್ಲ ಒದ್ದೆಯಾಯಿತು. "ಎಂತ ಆಯ್ತು? ನೀರು ಸರಿ ಇಲ್ವಾ?" ಎಂದು ಆಕೆ ಗಾಬರಿಯಾದರು. ನೀರು ಸರಿಯಾಗಿಯೇ ಇತ್ತು. ನನಗೆ ನೆನಪಾದದ್ದು ಕೋಪರಿಯ ಅತ್ತೆ ಮತ್ತು ಅವರು ಆಕ್ಸಿಜನ್ ಮಷೀನಿಗೆ ಕುಡಿಸಿದ ಲಾವಂಚದ ನೀರು.

ಕೋಪರಿಯ ಮಾವ ಎಂದರೆ ವಾಸುದೇವ ಮಾವ, ನನ್ನ ಅಮ್ಮನ ತಮ್ಮ. ಮೀಸೆ ಮೂಡುವ ಮೊದಲೇ ಊರು ಬಿಟ್ಟು ಬಂದು, ಠಾಣೆ ಸ್ಟೇಷನ್ನಿನ ಹತ್ತಿರ ನಮ್ಮ ಕಡೆಯ ಧಣಿಗಳೊಬ್ಬರ ಹೋಟೆಲು ಸೇರಿದವರು. ಮೊದಲು ಅಡುಗೆಮನೆಯ ಒಲೆಯ ಮುಂದೆ, ಆಮೇಲೆ ದೋಸೆ ಕಾವಲಿಯ ಮುಂದೆ, ಕೊನೆಗೆ ಹೊರಗೆ ಬಡಿಸುವುದಕ್ಕೆ. ಅಲ್ಲಿಗೆ ಬಂದ ಮೇಲೆ ಅವರು ಒಳಗೆ ಹೋಗಲೇ ಇಲ್ಲ. ಬಡಿಸುವುದನ್ನು ನೀವು ನಾನು ಕೆಲಸ ಅಂದುಕೊಂಡಿದ್ದೇವೆ. ಮಾವನಿಗೆ ಅದೊಂದು ಗತ್ತು. ಸಾರಿನ ಒಂದು ಹನಿ ಪಕ್ಕದ ಎಲೆಗೆ ಸಿಡಿಯಬಾರದು, ಉಣ್ಣುವವನು 'ಬೇಕು' ಅನ್ನುವ ಮೊದಲೇ ಸೌಟು ಎಲೆಯ ಮೇಲಿರಬೇಕು, 'ಸಾಕು' ಅಂದಮೇಲೂ ಒಂದು ಚೂರು ಬೀಳಬೇಕು. ಡೊಂಬಿವಲಿಯಿಂದ ವಾಶಿಯವರೆಗೆ ನಮ್ಮವರ ಯಾವ ಮದುವೆಯಾದರೂ ಮಾವ ಸೊಂಟಕ್ಕೆ ಬೈರಾಸು ಬಿಗಿದು ಪಂಕ್ತಿಯಲ್ಲೇ ಇರುತ್ತಿದ್ದರು. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಎಷ್ಟು ಹುಡುಕಿದರೂ ಅವರ ಮುಖ ಸಿಗುವುದಿಲ್ಲ, ಬಗ್ಗಿದ ಬೆನ್ನು ಮಾತ್ರ ಸಿಗುತ್ತದೆ.

ಅಂಥವರ ಉಸಿರು ಕೈಕೊಟ್ಟಿತು. ಒಲೆಯ ಹೊಗೆ, ಕಾವಲಿಯ ಹೊಗೆ, ಎರಡರ ನಡುವೆ ಸೇದಿದ ಬೀಡಿಯ ಹೊಗೆ, ಎಲ್ಲವೂ ಶ್ವಾಸಕೋಶದಲ್ಲಿ ಠೇವಣಿಯಾಗಿತ್ತು. ಬಚ್ಚಲಿಗೆ ಹೋಗಿ ಬಂದರೆ ಗೋಡೆ ಹಿಡಿದು ನಿಲ್ಲುವ ಸ್ಥಿತಿ. ರೋಗ ಒಬ್ಬರಿಗೆ ಬಂದರೆ ಊರೆಲ್ಲ ವೈದ್ಯರು ತಾನೇ? ಒಬ್ಬರು ಆಡುಸೋಗೆ ಕಷಾಯ ಅಂದರು, ಒಬ್ಬರು ದೊಡ್ಡಪತ್ರೆ ರಸ ಅಂದರು. ನೆರೂಳಿನ ನನ್ನ ಮನೆಯಲ್ಲಿ ಕೂತ ನಾನು ಮೊಬೈಲಿಗೆ ಬಂದ ಸಲಹೆಗಳನ್ನೆಲ್ಲ ಓದದೆ ಮುಂದೆ ಕಳಿಸಿ ಪುಣ್ಯ ಕಟ್ಟಿಕೊಂಡೆ. ಕೊನೆಗೆ ದೊಡ್ಡ ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಹೋದ ಶ್ವಾಸಕೋಶ ಹಿಂದೆ ಬರುವುದಿಲ್ಲ, ಆದರೆ ಮನೆಯಲ್ಲೇ ಮಷೀನ್ ಇಟ್ಟು, ದಿನದ ಹೆಚ್ಚಿನ ಹೊತ್ತು ಮೂಗಿಗೆ ಆಕ್ಸಿಜನ್ ಕೊಟ್ಟರೆ ಇರುವಷ್ಟು ದಿನ ಮನುಷ್ಯನ ಹಾಗೆ ಇರಬಹುದು. ಜೊತೆಗೆ, ಬಿಸಿ ಕಾಫಿ ಆರಿಸುವಾಗ ಊದುತ್ತೇವಲ್ಲ, ಹಾಗೆ ತುಟಿ ಚೂಪು ಮಾಡಿ ನಿಧಾನವಾಗಿ ಉಸಿರು ಬಿಡುವ ಅಭ್ಯಾಸ. ಮಾವನಿಗೆ ಈ ಎರಡನೆಯದು ತಕ್ಷಣ ಅರ್ಥವಾಯಿತು. ಜೀವನವಿಡೀ ಹೋಟೆಲಿನಲ್ಲಿದ್ದವರಲ್ಲವೇ!

ಮಷೀನು ಬಾಡಿಗೆಗೆ ಬಂತು. ತಂದವನು ನರೆತ ಮೀಸೆಯ ಮರಾಠಿ ಮೆಕ್ಯಾನಿಕ್. ಗಾಳಿಗೆ ತೇವ ಕೊಡುವ ಬಾಟಲಿಗೆ ಶುದ್ಧ ಮಾಡಿದ ನೀರು ಮಾತ್ರ ಹಾಕಬೇಕು, ಹತ್ತಿರದಲ್ಲಿ ದೀಪ, ಊದುಬತ್ತಿ, ಬೀಡಿ ಯಾವುದೂ ಕೂಡದು ಎಂದು ಹೇಳಿಹೋದ. ಅತ್ತೆ ತಲೆಯಾಡಿಸಿದರು. ವಾರ ಬಿಟ್ಟು ಬಂದವನು ಬಾಟಲಿ ಎತ್ತಿ ಬೆಳಕಿಗೆ ಹಿಡಿದು, ಒಳಗೆ ಹುಲ್ಲಿನಂಥದ್ದೇನೋ ಮುಳುಗಿರುವುದನ್ನು ಕಂಡು ಹೌಹಾರಿದ.

"ಕಾಕೀ, ಇಸ್‌ಮೇ ಯೇ ಘಾಸ್ ಕಿಸ್‌ನೇ ಡಾಲಾ?"

"ಘಾಸ್ ನಹೀ, ಲಾವಂಚ. ಅಚ್ಛಾ ಹೋತಾ ಹೈ," ಎಂದು ಅತ್ತೆ ಅವನಿಗೆ ಪಾಠ ಹೇಳಿ, ನನ್ನ ಕಡೆ ತಿರುಗಿದರು. "ಬರೀ ನೀರಿನ ಗಾಳಿ ಒಳಗೆ ಹೋದ್ರೆ ಶೀತ ಆಗುದಿಲ್ವಾ ಮಾರಾಯ?"

ಮಂಚದ ಮೇಲಿಂದ ಮಾವ, "ನಾನೂ ಎಣಿಸಿದೆ, ಈ ಮಷೀನು ನಮ್ಮ ಉಡುಪಿ ಕಡೆದೇ ಇರ್ಬೇಕು ಅಂತ," ಅಂದರು. ಎಷ್ಟೋ ದಿನಗಳ ನಂತರ ಆ ಮನೆಯಲ್ಲಿ ನಗು ಕೇಳಿದ್ದು ಅವತ್ತೇ. ಮೆಕ್ಯಾನಿಕ್ ಬಾಟಲಿಯನ್ನು ತಿಕ್ಕಿ ತೊಳೆದು, ಅತ್ತೆಯ ಕೈಯಿಂದ ಲಾವಂಚದ ನೀರು ಒಂದು ಲೋಟ ಕುಡಿದು, ಚೆನ್ನಾಗಿದೆ ಎಂದು ಒಪ್ಪಿ ಹೋದ.

ಮಾವನಿಗೆ ಮಷೀನಿನಿಂದ ಗುಣ ಕಂಡಿತು. ಕಷ್ಟವೆಂದರೆ ನಾಚಿಕೆ. ಬಾಗಿಲ ಗಂಟೆ ಬಾರಿಸಿದ ಕೂಡಲೇ ಮೂಗಿನ ಪೈಪು ಕಿತ್ತು ದಿಂಬಿನಡಿಗೆ ತುರುಕುತ್ತಿದ್ದರು. ಮಷೀನಿನ ಮೇಲೆ ಅತ್ತೆಯ ಹಳೆ ಸೀರೆ. ಬಂದವರು 'ಅದೆಂಥ ಶಬ್ದ?' ಎಂದರೆ 'ಫ್ರಿಜ್ಜು' ಎಂಬ ಉತ್ತರ. ಬಂದವರು ಎರಡನೆಯ ಕಾಫಿಗೆ ಕೂತರೆಂದರೆ ಇತ್ತ ಮಾವನ ತುಟಿ ನೀಲಿಗಟ್ಟುತ್ತಿತ್ತು. ಅತ್ತೆ ಬೈದರು, ಡಾಕ್ಟರು ಬೈದರು, ನಾನು ದೊಡ್ಡ ಭಾಷಣವನ್ನೇ ಬಿಗಿದೆ. "ಎದುರು ನಿಂತು ಬಡಿಸಿದ ಮೂತಿ ಇದು," ಎಂದರು ಮಾವ. "ಇದಕ್ಕೆ ಮೂಗುದಾರ ಹಾಕ್ಕೊಂಡು ಜನರ ಎದುರು ಕೂತ್ಕೊಳ್ಲಿಕ್ಕೆ ನನ್ನಿಂದ ಆಗುದಿಲ್ಲ." ಹೀಗೇ ಮುಂದುವರಿದರೆ ಮಷೀನು ಇದ್ದೂ ಪ್ರಯೋಜನವಿಲ್ಲ ಎಂದು ಡಾಕ್ಟರು ಅತ್ತೆಗೆ ಬೇರೆಯಾಗಿ ಹೇಳಿದ್ದರು. ಅದನ್ನು ನನಗೆ ಹೇಳುವಾಗ ಅತ್ತೆ ಅತ್ತರು.

ಅಷ್ಟರಲ್ಲಿ ಚೌತಿ ಬಂತು. ಮಾವನ ಮನೆಯಲ್ಲಿ ಒಂದೂವರೆ ದಿನದ ಗಣಪತಿ, ಚೌತಿಯ ಮಧ್ಯಾಹ್ನ ಬಾಳೆಲೆ ಊಟ. ಪ್ರತಿ ವರ್ಷ ಬರುವವರಲ್ಲಿ ಮುಖ್ಯರು ಆ ಹಳೆಯ ಧಣಿಗಳು. ಹೋಟೆಲು ಮುಚ್ಚಿ ಎಷ್ಟೋ ಕಾಲವಾದರೂ, ತಮ್ಮಲ್ಲಿ ದುಡಿದವನ ಮನೆಗೆ ಆ ಒಂದು ದಿನ ತಪ್ಪದೆ ಬಂದು ಎಲೆಯ ಮುಂದೆ ಕೂರುತ್ತಿದ್ದರು. ಅವತ್ತು ಬಡಿಸುವುದು ಮಾವನೇ. ಈ ಸಲ ಹೇಗೆ ಎಂಬ ಚರ್ಚೆಯಲ್ಲಿ ಮಹಾ ಬುದ್ಧಿವಂತನಾದ ನಾನು ಬಾಯಿ ಹಾಕಿದೆ: "ಒಂದು ಮೇಜಿನ ಮೇಲೆ ಎಲ್ಲ ಇಟ್ಬಿಡುವ ಅತ್ತೆ. ಬಫೆ ಮಾಡುವ."

ಮಾವ ಮಂಚದ ಮೇಲೆ ಎದ್ದು ಕೂತರು. "ಬಫೆಯಾ? ನನ್ನ ಮನೆಯಲ್ಲಿ? ಧಣಿಗಳು ತಟ್ಟೆ ಹಿಡ್ಕೊಂಡು ಕ್ಯೂ ನಿಲ್ಬೇಕಾ?" ಅಷ್ಟು ಹೇಳುವುದಕ್ಕೆ ಅವರು ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಪೈಪು ತೆಗೆದರೆ ಒಂದು ಸಾಲು ಬಡಿಸುವ ಶಕ್ತಿಯಿಲ್ಲ. ಪೈಪು ಹಾಕಿಕೊಂಡರೆ ಧಣಿಗಳ ಎದುರು, ಎಲ್ಲರ ಎದುರು ಹಾಗೆಯೇ ನಿಲ್ಲಬೇಕು. ಕೊನೆಗೆ ನನ್ನನ್ನು ಕರೆದು, "ಆ ಮೀಸೆಯವನಿಗೆ ಫೋನ್ ಮಾಡು. ಹೊರಗಿನ ಹಾಲಿನವರೆಗೆ ಮುಟ್ಟುವ ಪೈಪು ಉಂಟಾ ಕೇಳು," ಅಂದರು. ಉದ್ದದ ಪೈಪು ಸಿಗುತ್ತಿತ್ತು. ಅಷ್ಟು ಉದ್ದಕ್ಕೆ ಗಾಳಿ ಸಾಲುತ್ತದೆ ಎಂದು ಡಾಕ್ಟರನ್ನೂ ಕೇಳಿ ಖಚಿತ ಮಾಡಿಕೊಂಡೆವು.

ಇನ್ನು ಉಳಿದದ್ದು ಬೆಂಕಿಯ ಪ್ರಶ್ನೆ. ಗಣಪತಿ ಕೂರುವುದೂ ಹಾಲಿನಲ್ಲೇ, ಪಂಕ್ತಿಯೂ ಹಾಲಿನಲ್ಲೇ. ಗಣಪತಿಯ ಮುಂದೆ ನಂದಾದೀಪ ಬೇಡವೇ? ನಮ್ಮ ಅತ್ತೆ ಸಂಜೆ ದೀಪ ಹಚ್ಚದೆ ಬಾಯಿಗೆ ಹನಿ ನೀರು ಹಾಕಿದವರಲ್ಲ. ಅವರೇ ಪೇಟೆಗೆ ಹೋಗಿ ಕರೆಂಟಿನ ದೀಪ ತಂದರು, ಪುರೋಹಿತರಿಗೆ ಹೂವಿನ ಆರತಿ ಸಾಕೆಂದರು. ಪುರೋಹಿತರು ಏನೋ ಶಾಸ್ತ್ರ ತೆಗೆಯಲು ಹೊರಟಾಗ ಒಂದೇ ಮಾತು: "ದೇವರಿಗೆ ಉಸಿರಾಡ್ಲಿಕ್ಕೆ ಮಷೀನ್ ಬೇಡ ಭಟ್ರೇ, ಇವರಿಗೆ ಬೇಕು." ಪುರೋಹಿತರು ಹೂವಿನ ಬುಟ್ಟಿಗೆ ಕೈ ಹಾಕಿದರು.

ಊಟದ ಹೊತ್ತಾಯಿತು. ಹಾಲಿನಲ್ಲಿ ಎದುರುಬದುರು ಎರಡು ಸಾಲು ಎಲೆ. ಧಣಿಗಳು ಮೊಣಕಾಲು ನೋವಿದ್ದರೂ ಹಟದಿಂದ ನೆಲದ ಮೇಲೆಯೇ ಕೂತಿದ್ದರು. ಒಳಕೋಣೆಯಿಂದ ಮಾವ ಹೊರಬಂದರು. ಬಿಳಿ ಪಂಚೆ, ಸೊಂಟಕ್ಕೆ ಬೈರಾಸು, ಮೂಗಿನಲ್ಲಿ ಪೈಪು. ಪೈಪಿನ ಉದ್ದವನ್ನು ಸುರುಳಿ ಮಾಡಿ ಕೈಯಲ್ಲಿ ಹಿಡಿದು, ಬೇಕಾದಷ್ಟೇ ಬಿಡುತ್ತ ಹಿಂದಿನಿಂದ ಅತ್ತೆ. ಮಾವ ಯಾರ ಮುಖವನ್ನೂ ನೋಡಲಿಲ್ಲ, ಎಲೆ ನೋಡಿದರು. ತುದಿಗೆ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ನಾಲ್ಕು ಎಲೆಗೊಮ್ಮೆ ನೆಟ್ಟಗೆ ನಿಂತು, ತುಟಿ ಚೂಪು ಮಾಡಿ, ಕಾಫಿ ಆರಿಸಿದ ಹಾಗೆ ಉಸಿರು ಬಿಡುವರು. ಮತ್ತೆ ಬಗ್ಗುವರು. ಅನ್ನದ ಪಾತ್ರೆ ಎತ್ತುವುದು ಅವರಿಂದಾಗದು, ಅದನ್ನು ನಾನು ಹಿಡಿದೆ. ಸಟ್ಟುಗ ಮಾತ್ರ ಅವರ ಕೈಯಲ್ಲೇ. "ಎಲೆಯಿಂದ ದೂರ ನಿಲ್ಲು, ಪಂಚೆ ತಾಗ್ತದೆ," ಎಂದು ನನ್ನನ್ನು ಗದರಿಸುವಷ್ಟು ಉಸಿರು ಎಲ್ಲಿಂದ ಬಂತೋ!

ಎಲ್ಲ ಬಡಿಸಿ ಮುಗಿಯುವವರೆಗೆ ಯಾರೂ ಎಲೆಗೆ ಕೈ ಹಾಕಬಾರದೆಂಬುದು ನಮ್ಮ ಪಂಕ್ತಿಯ ಪದ್ಧತಿ. ಬೇರೆ ಕಡೆ ಅದು ಕ್ಷಣದ ಮಾತು. ಇಲ್ಲಿ ಅನ್ನದ ಹಬೆ ಅಡಗುತ್ತ ಬಂತು. ಈ ಧಣಿಗಳು ಒಂದು ಕಾಲಕ್ಕೆ ಗಲ್ಲಾದಲ್ಲಿ ಕೂತು 'ಬೇಗ, ಬೇಗ' ಎಂದು ಕೂಗಿಯೇ ಗಂಟಲು ಹರಿದುಕೊಂಡವರು. ನಾನು ಅಂಜಿಕೆಯಿಂದ ಅವರ ಕಡೆ ನೋಡಿದೆ. ಪೈಪು ಅವರ ಮೊಣಕಾಲ ಮೇಲಿಂದ ಹಾದುಹೋಗಿತ್ತು. ಅದು ಎಲ್ಲಿಯೂ ಮಡಚಿಕೊಳ್ಳದ ಹಾಗೆ ಅವರು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡಿದ್ದರು. ಮಾವ ಅವರ ಎಲೆಯ ಮುಂದೆ ಬಂದು ಉಸಿರಿಗಾಗಿ ನಿಂತಾಗ, "ಗಡಿಬಿಡಿ ಇಲ್ಲ ವಾಸು," ಅಂದರು. "ಪಂಕ್ತಿ ನಿಂದು."

ಕೊನೆಯ ಎಲೆಗೆ ತುಪ್ಪ ಬಿತ್ತು. ಮಾವ ಎರಡು ಸಾಲಿನ ನಡುವೆ ನಿಂತು ಕೈ ಮುಗಿದರು. "ಎಲ್ಲರೂ..." ಒಂದು ಉಸಿರು. "ಸಾವಕಾಶ..." ಇನ್ನೊಂದು. "ಊಟ ಮಾಡಿ." ಗೋವಿಂದಾ ಎಂದು ಇಡೀ ಪಂಕ್ತಿ ಕೂಗಿದ್ದು ಕೆಳಗಿನ ರಿಕ್ಷಾ ಸ್ಟ್ಯಾಂಡಿಗೂ ಕೇಳಿರಬೇಕು. ನನ್ನ ಕೈಯಲ್ಲಿದ್ದ ಅನ್ನದ ಪಾತ್ರೆ ಖಾಲಿ, ಎದೆ ಮಾತ್ರ ತುಂಬಿತ್ತು. ಇವರು ನನ್ನ ಮಾವ ಎಂದು ಬೀದಿಗೆ ಹೋಗಿ ಸಾರಬೇಕು ಅನ್ನಿಸಿತು. ಅತ್ತೆಯ ಕಡೆ ನೋಡಿದರೆ, ಪೈಪಿನ ಸುರುಳಿಯನ್ನು ಎದೆಗೊತ್ತಿಕೊಂಡು ಅವರೂ ಹಾಗೆಯೇ ನಿಂತಿದ್ದರು. ಅಂದಿನಿಂದ ಬಾಗಿಲ ಗಂಟೆಗೆ ಮಾವ ಪೈಪು ಕಿತ್ತದ್ದಿಲ್ಲ.

ಮಾಜಿವಾಡಾದ ಗೆಳೆಯರಿಗೆ ಮೊನ್ನೆ ಇಷ್ಟೆಲ್ಲ ಹೇಳಲಾಗಲಿಲ್ಲ. ಹೊರಡುವಾಗ ಅವರು, ಇಂಥದ್ದನ್ನು ಕೇಳುವಾಗ ಎಲ್ಲರೂ ಮಾಡುವ ಹಾಗೆ ದನಿ ತಗ್ಗಿಸಿ, "ನಿಮ್ಮ ಮಾವ ಈಗ ಹೇಗಿದ್ದಾರೆ, ಪಾಪ?" ಎಂದು ಕೇಳಿದರು. ಮೊದಲಾಗಿದ್ದರೆ ನಾನೂ ದನಿ ತಗ್ಗಿಸಿ, ನಿಟ್ಟುಸಿರು ಬಿಟ್ಟು, ಡಾಕ್ಟರ ವರದಿ ಒಪ್ಪಿಸುತ್ತಿದ್ದೆ.

"ಕಾಯಿಲೆ ಇದ್ದ ಹಾಗೇ ಇದೆ," ಅಂದೆ. "ಈ ಚೌತಿಗೆ ಕೋಪರಿಗೆ ಬನ್ನಿ, ಮಾವ ಬಡಿಸ್ತಾರೆ. ಒಂದೇ ಮಾತು, ಅವರು ಮುಗಿಸುವವರೆಗೆ ಎಲೆಗೆ ಕೈ ಹಾಕ್ಬೇಡಿ."