ಹಗೇವು ಹುಡುಕುವ ಬಗೆ

ಕೊಲ್ಲಿ ದೇಶದ ಈ ಅಲ್ ಮಬೇಲಾದಲ್ಲಿ ಚಹಾ ಕುಡಿಯಲು ಯಾರೂ ಕಾರಿನಿಂದ ಇಳಿಯುವುದಿಲ್ಲ. ಹಾರ್ನ್ ಹೊಡೆದರೆ ಕಾಗದದ ಲೋಟ ಕಿಟಕಿಗೇ ಬರುತ್ತದೆ. ನನಗದು ಸರಿಬರಲಿಲ್ಲ, ಹಟ ಹಿಡಿದು ಇಳಿದೆ. ಹಿಂದೆಯೇ ನನ್ನ ತಮ್ಮ ಬಸು ಇಳಿದ, ಅವನ ಜೊತೆ ತೈಲದ ರಿಗ್ಗಿನಲ್ಲಿ ದುಡಿದ ಕೆನಡಾದ ಡೇವ್ ಕೂಡ ಇಳಿದ. ತೈಲಕ್ಕೆ ಬೆಲೆಯಿಲ್ಲದಂತಾಗಿ ಇಬ್ಬರ ಕೆಲಸವೂ ಅದೇ ವಾರ ಹೋಗಿತ್ತು.

ಡೇವ್‌ನ ಊರು ಗೋಧಿ ಬೆಳೆಯುವ ಬಯಲು ನಾಡಿನಲ್ಲಿದೆ. ಅಲ್ಲಿ ಕಾಳು ತುಂಬುವ ಮರದ ಗೋಪುರದ ಮೇಲೆ ಊರಿನ ಹೆಸರು ದೊಡ್ಡದಾಗಿ ಬರೆದಿರುತ್ತಿತ್ತಂತೆ. "ಅದನ್ನು ಕೆಡವಿದ ಮೇಲೆ ಒಮ್ಮೆ ರಜೆಗೆ ಹೋದೆ. ನನ್ನ ಊರನ್ನೇ ದಾಟಿ ಮುಂದೆ ಹೋಗಿಬಿಟ್ಟಿದ್ದೆ" ಎಂದ ಇಂಗ್ಲಿಷಿನಲ್ಲಿ.

ನಮ್ಮ ರೋಣದ ಕಡೆಯ ಎರೆ ಬಯಲಿನಲ್ಲಿ ಜೋಳ ಇರುತ್ತಿದ್ದದ್ದು ನೆಲದೊಳಗೆ, ಹಗೇವಿನಲ್ಲಿ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಎಳೆದರೆ ಮೇಲೆ ನಿಂತವನಿಗೂ ಗೊತ್ತಾಗದು. ಬಸು ಅದನ್ನು ಬಿಡಿಸಿ ಹೇಳಿದ.

"ಹಾಗಾದರೆ ಹುಡುಕುವುದು ಹೇಗೆ?" ಎಂದ ಡೇವ್.

"ಅಕ್ಕಾ, ಅಪ್ಪ ಹೆಂಗ ಗುದ್ದತಿದ್ದ? ಹಿಂಗ ಹೌದಿಲ್ಲೊ?" ಎನ್ನುತ್ತ ಬಸು, ಕಂಪನಿ ಇನ್ನೂ ವಾಪಸು ಕೇಳದ ಬೂಟಿನ ಹಿಮ್ಮಡಿಯಿಂದ ನೆಲ ಗುದ್ದಿದ. ಒಳಗೆ ಟೊಳ್ಳಿದ್ದರೆ ಸದ್ದೇ ಬೇರೆ. ಡೇವ್ ಕೂಡ ಗುದ್ದಿದ. ಇಬ್ಬರೂ ತಲೆ ಬಗ್ಗಿಸಿ ಆಲಿಸಿದರು.

ಏನೋ ಹುಡುಕುತ್ತಿದ್ದಾರೆ ಅಂದುಕೊಂಡು ಚಹಾದವನು ಅಂಗಡಿಯಿಂದ ಕತ್ತು ಹೊರಹಾಕಿದ. "ಏನು ಬಿತ್ತು ಭಾಯ್?" ಎಂದು ಹಿಂದಿಯಲ್ಲಿ ಕೇಳಿದ.

"ತೈಲದ ರೇಟು" ಎಂದ ಬಸು, ತಲೆ ಎತ್ತದೆ.