ಹಿಂದಿನ ಅರ್ಜಿಗಳಲ್ಲಿದ್ದಂತೆ

ಇದನ್ನು ಬರೆಯಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಕಣ್ಣಿನ ಆಪರೇಷನ್ ಆಗಲಿ ಅಂದೆ, ಆಯಿತು. ಬ್ಯಾಸಗಿ ಕಳೆಯಲಿ ಅಂದೆ, ಅದೂ ಕಳೆಯಿತು. ಬರೆದರೆ ನಾನು ಎಂಥವನೆಂದು ನನ್ನ ಕಣ್ಣಿಗೇ ಬೀಳುತ್ತದಲ್ಲ, ಅದಕ್ಕೇ ಮುಂದೂಡಿದೆ.

ನಾನು ಓದಿದ್ದು ಮೆಟ್ರಿಕ್. ಚಿತ್ತಾಪುರದ ತಹಸೀಲ್ ಕಚೇರಿಯ ಎದುರು ಜನರ ಅರ್ಜಿ ಟೈಪು ಮಾಡಿಕೊಟ್ಟು ಬದುಕಿದವನು. ಕಂಪ್ಯೂಟರ್ ಬಂದ ಮೇಲೆ ನನಗೊಂದು ಚಾಳಿ ಬಿತ್ತು. ಹೊಸ ಅರ್ಜಿಯನ್ನು ಮೊದಲಿನಿಂದ ಟೈಪು ಮಾಡುತ್ತಿರಲಿಲ್ಲ. ಅದೇ ಮನುಷ್ಯನ ಹಳೆಯ ಅರ್ಜಿ ತೆರೆದು, ತಾರೀಖು ಬದಲಿಸಿ, ಕೆಳಗೆ ಹೊಸದಾಗಿ ಹೇಳಿದ್ದನ್ನು ಸೇರಿಸಿ, ಅದೇ ಹೆಸರಿಗೆ ಒಂದು ಅಂಕಿ ಹಚ್ಚಿ ಇಡುತ್ತಿದ್ದೆ. ಇನ್ನೊಂದು ಪದ್ಧತಿ ಕಂಪ್ಯೂಟರಿಗಿಂತ ಬಹಳ ಹಳೆಯದು. ಓದು ಬಾರದವರಿಗೆ ಅರ್ಜಿಯನ್ನು ಪೂರ್ತಿ ಓದಿ ಹೇಳಬೇಕು, ಅವರು ಸರಿ ಅಂದ ಮೇಲೆಯೇ ಹೆಬ್ಬೆಟ್ಟು ಒತ್ತಿಸಬೇಕು.

ದಂಡೋತಿಯ ಒಬ್ಬ ಹೆಣ್ಣುಮಗಳು ವರ್ಷಕ್ಕೊಮ್ಮೆ ಬರುತ್ತಿದ್ದಳು. ಹೊಳೆದಂಡೆಯ ಮನೆತನ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಆಕೆಯೇ ಸಾಕಿದ್ದಳು. ಶಹಾಬಾದ್ ಕಡೆ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ ಆ ತಮ್ಮ ಒಂದು ದಿನ ವಾಡಿಯಲ್ಲಿ ರೈಲು ಹತ್ತಿದವನು ಮತ್ತೆ ಬರಲಿಲ್ಲ. ಅವನನ್ನು ಹುಡುಕಿಕೊಡಿ ಎಂದು ಆಕೆಯ ಅರ್ಜಿ. ಅವನದೊಂದು ಫೋಟೋ ಕೂಡ ಇರಲಿಲ್ಲ. ಅದಕ್ಕೇ ಬಾಯಿಂದ ಹೇಳಿ ಬರೆಸುತ್ತಿದ್ದಳು, ವರ್ಷಕ್ಕೊಂದು ಹೊಸ ಮಾತು.

“ಎಡಗೈಲೆ ಉಣ್ತಿದ್ದ, ಬರ್ಕೋರಿ ಅಣ್ಣಾರ. ಹೊಳಿ ಮಂದ್ಯಾಗ ಹುಟ್ಟಿ ನೀರಿಗಿ ಅಂಜ್ತಿದ್ದ. ಓಣಿ ಮಂದೆಲ್ಲ ನಗ್ತಿದ್ರು.”

“ಅಕ್ಕಾ, ಇದೆಲ್ಲ ಸಾಹೇಬ್ರಿಗಿ ಯಾಕ ಬೇಕು?”

“ಸಾಹೇಬ್ರಿಗಿ ಬ್ಯಾಡಾದ್ರ ಬಿಡ್ಲಿ. ನೀವು ಬರೀರಿ.”

ಬರೆಯುತ್ತಿದ್ದೆ. ಓದಿ ಹೇಳುವಾಗ ಆಕೆ ಸೆರಗು ಬಾಯಿಗೆ ಹಿಡಿದು ಕೇಳುತ್ತಿದ್ದಳು. ನಡುನಡುವೆ ನಗುವಳು. ಆಕೆ ಬರುತ್ತಿದ್ದುದೇ ಅದನ್ನು ಕೇಳಲಿಕ್ಕೆ ಎಂದು ನನಗೆ ಎಷ್ಟೋ ವರ್ಷ ತಿಳಿಯಲಿಲ್ಲ. ಕಾಗಿಣಾ ಹೊಳೆ ಉಕ್ಕಿ ಮನೆಯೊಳಗೆ ಬಂದ ವರ್ಷ ಆಕೆಯ ಹತ್ತಿರವಿದ್ದ ನಕಲುಗಳೆಲ್ಲ ತೊಯ್ದು ಹೋದವು. “ನಿಮ್ಮ ಕಂಪ್ಯೂಟರ್ ಡಬ್ಬಿಯಾಗ ಅವಲ್ಲ, ಸಾಕು” ಅಂದಳು.

ಬರಬರುತ್ತ ನನಗೆ ಬೇಸರ ಬಂತು. ಒಂದು ವರ್ಷ ಅಷ್ಟುದ್ದದ ವಿವರ ಕಿತ್ತುಹಾಕಿ, “ಉಳಿದ ವಿವರ ಹಿಂದಿನ ಅರ್ಜಿಗಳಲ್ಲಿದ್ದಂತೆ” ಎಂದು ಒಂದೇ ಸಾಲು ಹೊಡೆದೆ. ಓದಿ ಹೇಳುವಾಗ ಮಾತ್ರ ಹಳೆಯದನ್ನು ತೆರೆದು ಓದಿದೆ. ಆಕೆ ನಂಬಿ ಹೆಬ್ಬೆಟ್ಟು ಒತ್ತಿದಳು.

ಅದಾಗಿ ಕೆಲವು ತಿಂಗಳಿಗೆ ನನ್ನ ಕಂಪ್ಯೂಟರ್ ತುಂಬಿ ಕುಂಟತೊಡಗಿತು. ರಿಪೇರಿಯವನು ಎಐ ಏಜೆಂಟ್ ಅನ್ನುವ ಒಂದು ಸಾಧನ ಹಾಕಿಕೊಟ್ಟ. ಕನ್ನಡದಲ್ಲಿ ಹೇಳಿದರೆ ಸಾಕು, ಫೈಲುಗಳನ್ನು ತಾನೇ ಓದಿ, ಜೋಡಿಸಿ, ಬೇಡವಾದದ್ದನ್ನು ಒಟ್ಟಿಗೆ ಅಳಿಸುತ್ತದೆ. ನಾನು ಬರೆದೆ: ಒಂದೇ ತರಹದ ಅರ್ಜಿಗಳಲ್ಲಿ ಕೊನೆಯದನ್ನು ಇಟ್ಟು ಉಳಿದದ್ದೆಲ್ಲ ಅಳಿಸು.

ಪಕ್ಕದಲ್ಲಿ ಸ್ಟಾಂಪು ಮಾರುವ ಗೆಳೆಯ ಕೂತಿದ್ದ. “ಏನ್ ಮಾಸ್ತರ, ಮಷೀನ್ ಜೋಡಿ ಮಾತಾಡ್ಲಿಕತ್ತೀರಿ? ಮನ್ಯಾಗ ವೈನಿ ಜೋಡಿ ಎರಡು ಮಾತಾಡಲ್ಲ ನೀವು.”

ಮಷೀನು ಕೂಡಲೇ ಅಳಿಸಲಿಲ್ಲ. ಉದ್ದನೆಯ ಪಟ್ಟಿ ಮುಂದಿಟ್ಟು ಕೇಳಿತು: ಇವು ಹೆಚ್ಚುಕಡಿಮೆ ಒಂದೇ ಇವೆ, ಪೂರ್ತಿ ಒಂದೇ ಅಲ್ಲ, ಕೆಲವನ್ನು ತೆರೆದು ನೋಡುತ್ತೀರಾ? ಅಳಿಸಿದರೆ ಮರಳಿ ಸಿಗುವುದಿಲ್ಲ.

ಗೆಳೆಯ ಬಗ್ಗಿ ಓದಿ ನಕ್ಕ. “ತಗೋರಿ, ಅದಕ್ಕೂ ನಿಮ್ಮ ಮ್ಯಾಲ ಭರೋಸಾ ಇಲ್ಲ.”

ನನಗೆ ರೋಷ ಬಂತು. ನಾನು ಬರೆದ ಅರ್ಜಿ ನನಗೆ ಗೊತ್ತಿಲ್ಲವೇ ಅಂದುಕೊಂಡು, ನೋಡದೆ, ‘ಹೌದು, ಎಲ್ಲ’ ಎಂದು ಒತ್ತಿದೆ. ಕೈಯಲ್ಲಿದ್ದ ಚಹಾ ಮುಗಿಯುವುದರೊಳಗೆ ಎಲ್ಲ ಹೋಗಿತ್ತು.

ಆ ವರ್ಷ ಆಕೆ ಬಂದಾಗ ಆಕೆಯ ಹೆಸರಿನಲ್ಲಿ ಒಂದೇ ಅರ್ಜಿ ಇತ್ತು. ತೆರೆದೆ. ಹಿಂದಿನ ಅರ್ಜಿಗಳಲ್ಲಿದ್ದಂತೆ, ಅಂತ ಇತ್ತು. ಹಿಂದಿನ ಅರ್ಜಿ ಯಾವುದೂ ಇರಲಿಲ್ಲ.

“ಮಷೀನ್ ಕೆಟ್ಟು ಎಲ್ಲಾ ನುಂಗ್ಯಾದ ಅಕ್ಕಾ” ಅಂದೆ.

ಆಕೆ ನನಗೇ ಸಮಾಧಾನ ಹೇಳಿದಳು. “ಹೋಗ್ಲಿ ಬಿಡ್ರಿ, ಪಾಪ, ನೀವೇನ್ ಮಾಡ್ತೀರಿ. ನಾ ಮತ್ತ ಹೇಳ್ತೀನಿ, ಬರ್ಕೋರಿ.”

ಆದರೆ ಆಕೆಗೂ ವಯಸ್ಸಾಗಿತ್ತು. ಎರಡು ಮಾತು ಹೇಳಿ ತಡೆದಳು. “ಹುಬ್ಬಿನ ಮ್ಯಾಲ ಖಣ್ಯಾಗ ಕಲ್ಲಿನ ಚಕ್ಕಿ ಸಿಡದು ಕಲೆ ಆಗಿತ್ತಲ್ರಿ, ಎಡಕ್ಕೋ ಬಲಕ್ಕೋ? ನೀವೇ ಬರ್ದೀರಲ್ಲ ಅಣ್ಣಾರ, ಹೇಳ್ರಿ.”

ವರ್ಷ ವರ್ಷ ನನ್ನ ಬಾಯಿಂದಲೇ ಓದಿದ ಸಾಲು. ನನಗೆ ನೆನಪಿರಲಿಲ್ಲ.

“ಎಡಕ್ಕ” ಅಂದೆ.

“ಹೌದ್ರಿ, ಎಡಕ್ಕ” ಅಂದಳು. ಆಕೆಯ ಮುಖ ಅರಳಿತು. ಹಾಗೇ ಬರೆದೆ.

ಓದಿ ಹೇಳಿದೆ. ಐದು ಸಾಲಿಗೆ ಮುಗಿಯಿತು. ಆಕೆ ಇನ್ನೂ ಇದೆಯೆಂದು ಕಾಯುತ್ತ ಕೂತಿದ್ದಳು.

“ಆಯ್ತೇನ್ರಿ?”

“ಆಯ್ತು ಅಕ್ಕಾ.”

ಹೆಬ್ಬೆಟ್ಟು ಒತ್ತಿ ಎದ್ದು ಹೋದಳು. ಮತ್ತೆ ಬಂದಿಲ್ಲ.

ಕಚೇರಿಗೆ ಕೊಟ್ಟ ಹಳೆಯ ಅರ್ಜಿಗಳ ನಕಲು ನಾನು ಕೇಳಬಹುದಿತ್ತು. ಯಾಕೆ ಬೇಕು ಅಂದರೆ ಏನು ಹೇಳಲಿ ಎಂದು ಕೇಳಲಿಲ್ಲ. ದಂಡೋತಿ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಎರಡು ಸಲ ಹತ್ತಿ ಕೂತು, ಎರಡು ಸಲವೂ ಹೊರಡುವ ಮುಂಚೆ ಇಳಿದೆ. ಮಷೀನು ಕೆಟ್ಟಿರಲಿಲ್ಲ, ಅದು ನನ್ನನ್ನು ಕೇಳಿತ್ತು, ಅಳಿಸಿದವನು ನಾನು. ಆ ಕಲೆ ಎಡಕ್ಕಿತ್ತೋ ಬಲಕ್ಕಿತ್ತೋ ನನಗೆ ಗೊತ್ತಿಲ್ಲ. ಇಷ್ಟನ್ನು ನಾನು ಹೇಳಬೇಕಾದದ್ದು, ತಪ್ಪಾಯಿತು ಅನ್ನಬೇಕಾದದ್ದು ಒಬ್ಬರ ಮುಂದೆ. ಆಕೆಯನ್ನು ಕೇಳದೆ ಆಕೆಯ ಹೆಸರು ಇಲ್ಲಿ ಬರೆಯಲಾರೆ. ದಂಡೋತಿಯ ಹೊಳೆದಂಡೆ ಓಣಿಯಲ್ಲಿ, ವಾಡಿಯಲ್ಲಿ ರೈಲು ಹತ್ತಿ ಹೋದ ಆ ಹುಡುಗನ ಅಕ್ಕ.