ಕರಿ ಐದರ ಹಿತ್ತಾಳೆ ಮೊಳೆ

ನಮ್ಮ ತವರುಮನೆಯ ಪೇಟಿಗೆ ಒಂದು ಹಿತ್ತಾಳೆ ಮೊಳೆ ಇತ್ತು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಅದರ ಕರಿ ಪಟ್ಟಿಗಳಲ್ಲಿ ಐದನೆಯದರ ಮೇಲೆ, ಮೂಗುತಿಯಷ್ಟು ಸಣ್ಣ ತಲೆಯ ಆ ಮೊಳೆಯನ್ನು ಹೊಡೆಸಿದವರು ನನ್ನ ಅಜ್ಜ. ಅವರು ನಾಟಕದ ಕಂಪನಿಯಲ್ಲಿ ಹೆಣ್ಣುಪಾತ್ರ ಮಾಡುತ್ತಿದ್ದರು. ಮೈಕು ಇಲ್ಲದ ಕಾಲ. ದನಿ ಹೆಣ್ಣಿನದೂ ಆಗಬೇಕು, ಕಟ್ಟಕಡೆಯ ಚಾಪೆಯವನಿಗೂ ಮುಟ್ಟಬೇಕು. ಹಾಗಾಗಿ ಕರಿ ಐದನ್ನೇ ತಮ್ಮ ಷಡ್ಜ, ಅಂದರೆ ಹಾಡಿನ ಬುಡದ ಸಾ ಎಂದು ಹಿಡಿದು ಹಾಡಿದರು. ಗಂಡಸಿನ ಗಂಟಲಿಗೆ ಅದು ವಿಪರೀತ ಎತ್ತರ. ಪೇಟಿ ನುಡಿಸುವವರು ಊರೂರಿಗೆ ಬದಲಾಗುತ್ತಿದ್ದುದರಿಂದ, ಮಬ್ಬು ಬೆಳಕಿನಲ್ಲೂ ಬೆರಳು ತಪ್ಪಬಾರದೆಂದು ಮೊಳೆ ಹೊಡೆಸಿದ್ದರಂತೆ.

ಅಜ್ಜನಿಗೆ ಅದು ಹೊಟ್ಟೆಪಾಡಿನ ಉಪಾಯ. ಅಪ್ಪ ಊರೂರಲ್ಲಿ ವಚನ ಹಾಡುವ ಕಾಲಕ್ಕೆ ಅದೇ ಮನೆತನದ ಮಾನವಾಯಿತು. ನಮ್ಮೂರು ಆಳಂದದಲ್ಲಿ ಇವತ್ತಿಗೂ ನಮ್ಮನ್ನು ಮನೆತನದ ಹೆಸರಿನಿಂದ ಯಾರೂ ಗುರುತಿಸುವುದಿಲ್ಲ, "ಕರಿ ಐದರ ಮನಿಯವರು" ಅನ್ನುತ್ತಾರೆ. ಬೇರೆ ಗಾಯಕರು ವಯಸ್ಸಾದಂತೆ ಪಟ್ಟಿ ಇಳಿಸಿಕೊಳ್ಳುತ್ತಾರೆ, ಕರಿ ಮೂರಕ್ಕೆ, ಕರಿ ಎರಡಕ್ಕೆ. ನಮ್ಮಲ್ಲಿ ಇಳಿಸುವುದೆಂದರೆ ಹೊಲ ಮಾರಿಕೊಂಡಷ್ಟೇ ಅವಮಾನ.

ಜೊತೆಗೆ ಇನ್ನೊಂದು ಪದ್ಧತಿ. ಕಾರ್ಯಕ್ರಮ ಮುಗಿಯುವಾಗ ತಬಲಾ ನಿಲ್ಲುತ್ತದೆ, ಪೇಟಿ ನಿಲ್ಲುತ್ತದೆ, ತಂಬೂರಿಯ ತಂತಿಯ ಮೇಲೂ ಅಂಗೈ ಇಟ್ಟು ಸುಮ್ಮನಾಗಿಸುತ್ತಾರೆ. ಹಾಡುವವರು ಮೇಲಿನ ಸಾ ಹಿಡಿದು ಒಬ್ಬರೇ ನಿಲ್ಲಬೇಕು, ಉಸಿರಿರುವ ತನಕ. ಅದಕ್ಕೆ ಮನೆ ಸಾ ಎಂದು ಹೆಸರು. ಜನ ಸಂಜೆಯಿಡೀ ವಚನ ಕೇಳಿ ತಲೆದೂಗಿದರೂ ಕಾಯುವುದು ಅದಕ್ಕೇ. ಸರ್ಕಸ್ಸಿನಲ್ಲಿ ಹಗ್ಗದ ಮೇಲೆ ನಡೆಯುವವಳನ್ನು ನೋಡುವ ಹಾಗೆ ನೋಡುತ್ತಾರೆ. ಬಿದ್ದರೆ ನೋಡೋಣ ಎಂದು ಯಾರೂ ಹೇಳುವುದಿಲ್ಲ, ಅಷ್ಟೇ.

ಅಪ್ಪ ಬಿದ್ದದ್ದು ಅಫಜಲಪುರದಲ್ಲಿ. ನಾನಾಗ ಲಂಗ ತೊಡುವ ಹುಡುಗಿ, ಅವ್ವನ ಪಕ್ಕ ಹೆಂಗಸರ ಕಡೆ ಕೂತಿದ್ದೆ. ಅದಕ್ಕೂ ಎಷ್ಟೋ ತಿಂಗಳ ಮೊದಲಿಂದ ಅಪ್ಪ ತಬಲಾದವನಿಗೆ "ಸ್ವಲ್ಪ ಜೋರ ಬಾರಸಪಾ" ಅನ್ನತೊಡಗಿದ್ದರು. ನಮಗೆ ಅದು ಹುರುಪಿನಂತೆ ಕಂಡಿತ್ತು. ಅವ್ವನಿಗೆ ಮಾತ್ರ ಗೊತ್ತಾಗಿತ್ತು, ಯಾವುದನ್ನೋ ಮುಚ್ಚಿಕೊಳ್ಳಲು ಜೋರು ಬೇಕಾಗಿದೆ ಎಂದು. ಆ ಸಂಜೆ ವಾದ್ಯಗಳು ನಿಂತವು. ಅಪ್ಪ ಬಾಯಿ ತೆರೆದರು. ಬಂದದ್ದು ಗಾಳಿ. ಜರಡಿಯಲ್ಲಿ ಹಿಟ್ಟು ಆಡಿಸಿದಂಥ ಸಪ್ಪಳ. ಮತ್ತೆ ಅವರ ದನಿ ಮರಳಲಿಲ್ಲ, ಈಗ ಎಂಬತ್ತು ದಾಟಿದರೂ ಪಿಸುಮಾತಿನಲ್ಲೇ ಇದ್ದಾರೆ.

ಆ ರಾತ್ರಿ ಟೆಂಪೋದಲ್ಲಿ ಮರಳುವಾಗ ಅವ್ವ ಅಳಲಿಲ್ಲ. ನನ್ನ ಅಣ್ಣ ಎದುರಿಗೆ ನಿದ್ದೆ ಹೋಗಿದ್ದ. ಅವನ ತೆರೆದ ಬಾಯನ್ನೇ ನೋಡುತ್ತ ಅವ್ವ, "ಒಂದು ಹೋತು. ಇನ್ನೊಂದು ಯಾವಾಗೋ" ಅಂದಳು. ನಾನು ಅವಳ ಸೆರಗಿನೊಳಗೆ ಮುಖ ಇಟ್ಟುಕೊಂಡೆ.

ಇನ್ನೊಂದು ಹೋಗಲು ಬಹಳ ವರ್ಷ ಹಿಡಿಯಲಿಲ್ಲ. ಅಣ್ಣನನ್ನು ಅಪ್ಪ ಅದೇ ಮೊಳೆಯ ಮುಂದೆ ಕೂರಿಸಿ ತಯಾರು ಮಾಡಿದರು. ದನಿ ಇಲ್ಲದ ಗುರು; ನೆಲಕ್ಕೆ ಅಂಗೈ ಬಡಿದು ಬಡಿದು ಕಲಿಸಿದರು. ಅಣ್ಣನ ದನಿ ನಿಜಕ್ಕೂ ತಗ್ಗಿನದು, ಅಡುಗೆಮನೆಯಲ್ಲಿ ನೀರು ಕೇಳುವಾಗಲೂ ಮೆತ್ತಗೆ ತುಂಬಿ ಬರುತ್ತಿತ್ತು. ಅದನ್ನು ಏರಿಸಿ ಏರಿಸಿ ಕರಿ ಐದಕ್ಕೆ ನೇತುಹಾಕಿದರು. ಅವನ ಹಾಡುವ ದನಿ ಜೇವರ್ಗಿಯಲ್ಲಿ ಹೋಯಿತು, ಮದುವೆಯಾಗಿ ಮೊದಲ ಕೂಸು ತೊಟ್ಟಿಲಲ್ಲಿದ್ದಾಗ. ಆಮೇಲೆ ಅವನು ಪೇಟಿ ನುಡಿಸಲು ಕೂತ. ಗಂಡಸರ ಗಂಟಲು ಮುಗಿದ ಮೇಲೆ ಹೆಣ್ಣಿನ ಸರದಿ ಬಂತು. ಅಲ್ಲಿಯವರೆಗೆ ನಮ್ಮ ಮನೆಯ ಹೆಣ್ಣುಮಕ್ಕಳು ವೇದಿಕೆ ಹತ್ತಬಾರದೆಂಬ ನಿಯಮವಿತ್ತು. ಅದು ಒಂದೇ ಮುಂಜಾನೆಯಲ್ಲಿ ಎಲ್ಲರಿಗೂ ಮರೆತುಹೋಯಿತು. ನನಗೆ ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಆದರೆ ಸುಳ್ಳು ಯಾಕೆ ಹೇಳಲಿ, ನಾನು ಬಹಳ ಸುಖದಿಂದ ಹಾಡಿದೆ. ಹೆಣ್ಣುದನಿಗೆ ಹರೆಯದಲ್ಲಿ ಕರಿ ಐದು ಅಂಥ ಕಷ್ಟವಲ್ಲ. ಮದುವೆಯೂ ಆಳಂದದಲ್ಲೇ ಆಯಿತು. ಮಾಸ್ತರನಾದ ಗಂಡ ಯಾವತ್ತೂ ಬೇಡ ಅನ್ನಲಿಲ್ಲ. ಜಿಡಗಾದ ಕಡೆ, ಗೊಬ್ಬೂರ, ಅತನೂರ, ಗಡಿಯಾಚೆಯ ಊರುಗಳು ಕೂಡ, ಎಲ್ಲ ಸುತ್ತಿದೆ. ನನ್ನ ಹಾಡಿಗೆ ಶಾಲು ಹೊದಿಸಿದರು, ಪತ್ರಿಕೆಯಲ್ಲಿ ಫೋಟೋ ಬಂತು. ಪ್ರತಿ ಸಂಜೆ ಕೊನೆಗೆ ವಾದ್ಯಗಳು ನಿಂತಾಗ ನನ್ನ ದನಿ ಒಂದೇ ಆಕಾಶಕ್ಕೆ ಎದ್ದು ನಿಲ್ಲುತ್ತಿತ್ತಲ್ಲ, ಆ ಸುಖವನ್ನು ನಾನು ಇನ್ನಾವುದಕ್ಕೂ ಹೋಲಿಸಲಾರೆ.

ನಲವತ್ತೈದು ದಾಟಿದ ಮೇಲೆ ನಾನು ಮೈಕಿನವರನ್ನು ಬೈಯತೊಡಗಿದೆ. ಈ ಊರಿನ ಮೈಕು ಒಡಕು, ಆ ಊರಿನದು ಕಿವುಡು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದು ದಿನ ಕಾರಿನಲ್ಲಿ ಅಣ್ಣ ಕಿಟಕಿಯ ಹೊರಗೆ ನೋಡುತ್ತ ಹೇಳಿದ:

"ಮೈಕ ಛಲೋನೇ ಇತ್ತವಾ."

ಅಷ್ಟೇ ಹೇಳಿದ್ದು. ಅಪ್ಪನದು ತಬಲಾ, ನನ್ನದು ಮೈಕು. ಅವತ್ತಿನಿಂದ ನಾನು ಮುಂಜಾನೆ ಎದ್ದ ಕೂಡಲೇ, ಮುಖ ತೊಳೆಯುವ ಮೊದಲೇ, ಹಿತ್ತಲಲ್ಲಿ ನಿಂತು ಮೇಲಿನ ಸಾ ಹಿಡಿದು ನೋಡಿಕೊಳ್ಳುತ್ತಿದ್ದೆ. ಕೆಲವು ದಿನ ಇರುತ್ತಿತ್ತು. ಕೆಲವು ದಿನ ಅದರೊಳಗೆ ಒಂದು ಎಳೆ ಗಾಳಿ ಸೇರಿರುತ್ತಿತ್ತು.

ಕಲಬುರಗಿಯಲ್ಲಿ ಗಂಟಲಿನ ಡಾಕ್ಟರಿಗೆ ತೋರಿಸಿದೆ. ಮೂಗಿನಿಂದ ಕೊಳವೆ ಇಳಿಸಿ, ಪರದೆಯ ಮೇಲೆ ನನ್ನ ಗಂಟಲನ್ನು ನನಗೇ ತೋರಿಸಿದರು. ಜೋಳದ ಕಾಳಿನಷ್ಟು ಒಂದು ಗಂಟು ಇತ್ತು.

"ಹಾಡಬ್ಯಾಡ್ರಿ ಅನ್ನಂಗಿಲ್ಲ ನಾ," ಅಂದರು ಡಾಕ್ಟರು. "ಕೆಳಗ ಹಾಡ್ರಿ. ಎರಡು ಪಟ್ಟಿ ಇಳಿಸ್ರಿ. ಹಿಂಗೇ ಜಗ್ಗಿದ್ರ ಒಂದಿನ ಹರೀತದ, ಆಮ್ಯಾಲೆ ನನ್ನ ಕೈಯಾಗ ಏನೂ ಇರಂಗಿಲ್ಲ."

ಎರಡು ಪಟ್ಟಿ. ಬೇರೆ ಯಾರಿಗಾದರೂ ಎಷ್ಟು ಹಗುರದ ಔಷಧ! ನಾನು ಆಟೋದಲ್ಲಿ ಕೂತು ನಕ್ಕೆ, ಆಮೇಲೆ ಅತ್ತೆ.

ಅಪ್ಪನಿಗೆ ಹೇಳಿದಾಗ ಅವರು ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ಅಪ್ಪಾ, ನಾ ಕರಿ ಮೂರಕ್ಕ ಇಳೀತೇನ್ರಿ," ಅಂದೆ.

"ಇಳಿಯೋದಾದ್ರ ಬಿಟ್ಟಬಿಡು ಬೇ," ಅಂದರು ಆ ಪಿಸುದನಿಯಲ್ಲಿ. "ಹುಡುಗಿ ಅದಾಳಲ್ಲ."

ಹುಡುಗಿ ಅಂದರೆ ನನ್ನ ಮಗಳು. ಹದಿಮೂರು ತುಂಬಿತ್ತು. ನನ್ನ ಹಿಂದೆ ತಂಬೂರಿ ಹಿಡಿದು ಕೂರುತ್ತಿದ್ದಳು. ಅವಳಿಗೆ ನಾನು ಹಾಡು ಕಲಿಸಿದ್ದೆ, ಆದರೆ ಕೆಳಗಿನ ಪಟ್ಟಿಯಲ್ಲಿ, ಮೆತ್ತಗೆ, ನಮ್ಮ ಮನೆಯಲ್ಲಿ ಕಲಿಸಿದ್ದೆ. ತವರಿನ ಪೇಟಿಯನ್ನು ಅವಳು ಹಾಡಿಗೆ ಮುಟ್ಟದಂತೆ ನೋಡಿಕೊಂಡಿದ್ದೆ. ಮನೆ ಸಾ ಅಂತೂ ಒಮ್ಮೆಯೂ ಹಿಡಿಸಿರಲಿಲ್ಲ. ಅಪ್ಪನ ಬಾಯಿಂದ ಆ ಮಾತು ಬಂದಾಗ, ಟೆಂಪೋದಲ್ಲಿ ಅವ್ವ ಅಣ್ಣನ ಬಾಯನ್ನು ನೋಡಿದ್ದು ಯಾಕೆಂದು ನನಗೆ ಅರ್ಥವಾಯಿತು. ನನ್ನ ದನಿ ಹೋದರೆ ಹೋಗಲಿ ಎಂದು ಬಿಡುವ ಹಾಗಿರಲಿಲ್ಲ. ನಾನು ಬಿಟ್ಟ ಜಾಗದಲ್ಲಿ ಅವಳನ್ನು ಕೂರಿಸುತ್ತಾರೆ.

ಹಾಗಾಗಿ ಅತನೂರಿನಿಂದ ಕರೆ ಬಂದಾಗ ಒಪ್ಪಿಕೊಂಡೆ. ಅತನೂರ ಇರುವುದು ಅಫಜಲಪುರ ತಾಲೂಕಿನಲ್ಲೇ ಎಂಬುದು ಮನಸ್ಸಿಗೆ ಬರದೇ ಇರಲಿಲ್ಲ. ಬಂದದ್ದನ್ನು ಒದ್ದು ಹೊರಗೆ ಹಾಕಿದೆ. ಕರಿ ಮೂರರಲ್ಲಿ ಹಾಡಿ ತೋರಿಸುತ್ತೇನೆ, ಇಳಿದೂ ಹಾಡಬಹುದೆಂದು ಅಪ್ಪನೂ ಊರೂ ನೋಡಲಿ, ಮಗಳೂ ನೋಡಲಿ ಅಂದುಕೊಂಡೆ. ಅಣ್ಣನಿಗೆ ಹಿಂದಿನ ದಿನವೇ ಹೇಳಿದೆ.

"ಅಣ್ಣಾ, ನಾಳೆ ಕರಿ ಮೂರು. ಮರೀಬ್ಯಾಡ."

ಅವನು ನನ್ನ ಮುಖ ನೋಡಿದ. "ನಾ ಯಾಕ ಮರೀಲಿ. ನನಗ ಆಗ ಯಾರರ ಹಿಂಗ ಹೇಳಿದ್ರ..." ಅಂದು ಅರ್ಧಕ್ಕೇ ಬಿಟ್ಟ. ಕಣ್ಣಲ್ಲಿ ನೀರಿತ್ತು.

ಅತನೂರಿನಲ್ಲಿ ಇಳಿಹೊತ್ತಿಗೆ ಶಾಮಿಯಾನ ತುಂಬಿತ್ತು. ತೊಗರಿ ಕಟಾವು ಮುಗಿದ ದಿನಗಳು, ಜನರಿಗೆ ಬಿಡುವು. ಅಪ್ಪನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು. ನನಗೆ ವೇದಿಕೆಯ ಒಂದು ಅಂಚಿನಲ್ಲಿ ಸತ್ಕಾರ ನಡೆಯಿತು: ಶಾಲು, ಹಾರ, ಫಲ, ಊರಿನ ಹಿರಿಯರ ಭಾಷಣ. ಹಿರಿಯರು ಅಜ್ಜನಿಂದ ಶುರುಮಾಡಿ, "ಕರಿ ಐದರ ಮನೆತನ, ಮೂರು ತಲೆಮಾರಿನಿಂದ ಒಂದು ಪಟ್ಟಿ ಇಳಿದಿಲ್ಲ" ಅಂದರು. ಚಪ್ಪಾಳೆ ಬಿತ್ತು. ಅದೇ ಹೊತ್ತಿಗೆ ನನ್ನ ಬೆನ್ನ ಹಿಂದೆ ಅಣ್ಣ ಪೇಟಿಯಲ್ಲಿ ಸಾ ಹಿಡಿದ, ಮಗಳು ಅದಕ್ಕೆ ತಂಬೂರಿಯ ತಂತಿ ಬಿಗಿಯತೊಡಗಿದಳು. ಚಪ್ಪಾಳೆಯ ಗದ್ದಲ, ನನಗೆ ಏನೂ ಕೇಳಲಿಲ್ಲ.

ಬಂದು ಕೂತಾಗ ಕೇಳಿಸಿತು. ತಂಬೂರಿ ಕರಿ ಐದಕ್ಕೆ ನಿಂತಿತ್ತು.

ಅಣ್ಣನ ಕಡೆ ತಿರುಗಿದೆ. ಅವನು ಕಣ್ಣು ಮುಚ್ಚಿದ್ದ. ಬೆರಳು ಮೊಳೆಯ ಮೇಲಿತ್ತು. ನನ್ನ ಉಸಿರಿನ ಸಪ್ಪಳಕ್ಕೆ ಕಣ್ಣು ತೆರೆದು, ಬೆರಳನ್ನು ನೋಡಿಕೊಂಡು, ಸುಟ್ಟುಕೊಂಡವನ ಹಾಗೆ ಕೈ ಎತ್ತಿದ.

"ಬೆರಳು ತಾನ ಹೋತವಾ," ಅಂದ. "ಇಳಸೋಣೇನು?"

ಈಗಷ್ಟೇ ಒಂದು ಪಟ್ಟಿ ಇಳಿದಿಲ್ಲ ಎಂದು ಚಪ್ಪಾಳೆ ತಟ್ಟಿದ ಜನರೆದುರು, ಅಪ್ಪನ ಎದುರು, ತಂತಿಯನ್ನು ಒಂದೊಂದಾಗಿ ಸಡಿಲಿಸಬೇಕು. ಅದರ ಸಪ್ಪಳ ಎಲ್ಲರಿಗೂ ಕೇಳುತ್ತದೆ. ಅಪ್ಪ ನನ್ನನ್ನೇ ನೋಡುತ್ತಿದ್ದರು. ನಾನು ಬೇಡ ಎಂದು ತಲೆಯಾಡಿಸಿ ಹಾಡಲು ಶುರುಮಾಡಿದೆ.

ಹಾಡುತ್ತ ಹಾಡುತ್ತ ಹೆದರಿಕೆಯೂ ಹೋಯಿತು, ಅದೇ ಕೆಟ್ಟದ್ದು. ದನಿ ಚೆನ್ನಾಗಿ ಬಿಚ್ಚಿಕೊಂಡಿತ್ತು. ಡಾಕ್ಟರು ಸುಮ್ಮನೆ ಹೆದರಿಸಿದ್ದಾರೆ ಎಂದು ಕೂಡ ಅನ್ನಿಸಿತು. ಕೊನೆಗೆ ತಬಲಾ ನಿಂತಿತು. ಪೇಟಿ ನಿಂತಿತು. ಮಗಳು ತಂತಿಯ ಮೇಲೆ ಅಂಗೈ ಇಟ್ಟಳು. ನಾನು ಮೇಲಿನ ಸಾ ಹಿಡಿದೆ. ಹಿಡಿದದ್ದು ನಿಂತಿತು, ನಿಂತಿತು, ಆಮೇಲೆ ಒಳಗೆ ಏನೋ ಮೆತ್ತಗೆ ಹರಿಯಿತು. ನೋವೇ ಇರಲಿಲ್ಲ. ಜರಡಿಯ ಸಪ್ಪಳ ನನ್ನ ಬಾಯಿಂದಲೇ ಬಂದದ್ದನ್ನು ಕೇಳಿದೆ.

ಆಗ ನನ್ನ ಬೆನ್ನ ಹಿಂದಿನಿಂದ ಆ ಸಾ ಎದ್ದಿತು. ಎಳೆಯದು, ತುಂಬಿದ್ದು, ಒಂದು ಕೂದಲಷ್ಟೂ ಅಲುಗದ್ದು. ಯಾರೂ ಹೇಳಿರಲಿಲ್ಲ, ಯಾರೂ ಕಲಿಸಿರಲಿಲ್ಲ. ನನ್ನ ಹಿಂದೆ ಕೂತು ಕೂತು ಅವಳು ಎಲ್ಲವನ್ನೂ ಒಳಗಿಟ್ಟುಕೊಂಡಿದ್ದಳು. ನನ್ನ ಮಾನ ಉಳಿಸಬೇಕೆಂದು ಬಾಯಿ ತೆರೆದಿದ್ದಳು, ಪಾಪ. ಇದು ಮೊದಲೇ ಮಾತಾಡಿಕೊಂಡದ್ದು, ತಾಯಿ ಮಗಳಿಗೆ ದನಿ ಒಪ್ಪಿಸಿದಳು ಎಂದೇ ಜನ ತಿಳಿದರು. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಪ್ಪ ಅಳುತ್ತಿದ್ದರು. ಕೆಳಗಿಳಿದ ಮೇಲೆ ಅವಳ ತಲೆಯ ಮೇಲೆ ಕೈ ಇಟ್ಟು "ಮನಿ ಉಳೀತು" ಅಂದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅಣ್ಣ ಪೇಟಿಗೆ ಬಟ್ಟೆ ಸುತ್ತುತ್ತಿದ್ದ.

ಮರುದಿನದಿಂದ ನನಗೆ ಮಾತಿಲ್ಲ. ಡಾಕ್ಟರು ಮೌನ ಹೇಳಿದ್ದಾರೆ, ಹೇಳದಿದ್ದರೂ ಬೇರೆ ದಾರಿ ಇರಲಿಲ್ಲ. ವಾರವೊಂದು ಕಳೆದ ಮೇಲೆ ಒಂದು ಮುಂಜಾನೆ ತವರಿಗೆ ಹೋಗಿ, ಅಪ್ಪ ಪೂಜೆಗೆ ಕೂತಿರುವಾಗ, ಇಕ್ಕಳದಿಂದ ಆ ಮೊಳೆಯನ್ನು ಕಿತ್ತೆ. ಬಹಳ ಹಳೆಯದು, ಕಿರುಗುಟ್ಟಿ ಬಂತು. ಅಣ್ಣ ಬಾಗಿಲಲ್ಲಿ ನಿಂತು ನೋಡಿದ, ತಡೆಯಲಿಲ್ಲ. ಮೊಳೆ ಇದ್ದ ಕಡೆ ಸಣ್ಣ ಕುಳಿ ಬಿದ್ದಿತ್ತು.

ಅಷ್ಟರಲ್ಲಿ ಮಗಳು ಬಂದಳು. ನನಗೆ ತಿಳಿಯದಂತೆ ಅಪ್ಪ ಅವಳಿಗೆ ಬಾ ಎಂದು ಹೇಳಿ ಕಳಿಸಿದ್ದರಂತೆ. ಶಾಲೆಯ ಯೂನಿಫಾರ್ಮಿನಲ್ಲೇ ಪೇಟಿಯ ಮುಂದೆ ಕೂತಳು. ಪಟ್ಟಿಗಳ ಕಡೆ ನೋಡಲೂ ಇಲ್ಲ, ಬೆರಳು ಹೋಗಿ ಕುಳಿಯಲ್ಲಿ ಕೂತಿತು.

"ಅವ್ವಾ, ಹಿಡೀಲೇನು?" ಅಂದಳು.

ಬೇಡ ಅನ್ನಲು ಬಾಯಿ ತೆರೆದೆ. ಗಾಳಿ ಬಂತು. ಅವಳು ಆಗಲೇ ಕಣ್ಣು ಮುಚ್ಚಿ ಮೇಲಿನ ಸಾ ಹಿಡಿದಿದ್ದಳು. ನಾನು ಧಾವಿಸಿ ಪೇಟಿಯ ತಿದಿಯನ್ನು ಎರಡೂ ಕೈಯಿಂದ ಅದುಮಿ ಹಿಡಿದೆ. ಪೇಟಿ ನಿಂತಿತು.

ಅವಳು ನಿಲ್ಲಲಿಲ್ಲ. ವಾದ್ಯ ನಿಂತ ಮೇಲೆ ಒಬ್ಬಳೇ ನಿಲ್ಲಬೇಕೆಂದು ಅವಳಿಗೆ ಗೊತ್ತಿತ್ತು. ಆ ಸಾ ಮನೆ ತುಂಬಿ ನಿಂತಿತು, ಒಳಗೆ ಪೂಜೆಯ ಗಂಟೆ ಸುಮ್ಮನಾಯಿತು. ನಾನು ತಿದಿ ಅದುಮಿಕೊಂಡೇ ಕೇಳುತ್ತಿದ್ದೆ. ನನಗೆ ಮೊದಲು ಬಂದದ್ದು ಹೆಮ್ಮೆ. ಹೆದರಿಕೆ ಆಮೇಲೆ ಬಂತು.